ಜೀಪಿನಲ್ಲಿ ಯುವರಾಜನ ಪಟ

ಆನೆಯ ಸೊಂಡಿಲ ತುದಿ ಒದ್ದೆಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಈಗ ಬಿಸಿ ಕಾಫಿ ಹಿಡಿದು ಕೂತಿದ್ದರೂ ಮೊಣಕೈಯ ಮೇಲೆ ಆ ತೇವ ಹರಿದಂತಾಗಿ ಎದ್ದುಬಿಡುತ್ತೇನೆ.

ಬಾಳೂರಿನ ಚಿಕ್ಕಮ್ಮನ ಮನೆಯಲ್ಲಿ ದೇವರ ಪಕ್ಕ ಒಬ್ಬ ಯುವರಾಜನ ಪಟವಿತ್ತು. ಲೋಹದ ತಗಡಿನಲ್ಲಿ ಗೆರೆಗೆರೆಯಾಗಿ ಕೊರೆದು ಕಾಗದಕ್ಕೆ ಅಚ್ಚೊತ್ತಿದ ಹಳೆಯ ಚಿತ್ರ. ಇನ್ನೂ ಹಾಲುಗಲ್ಲದ ಹುಡುಗ, ತಲೆಗಿಂತ ದೊಡ್ಡ ಪೇಟ, ನೆಲ ಮುಟ್ಟುವ ಕತ್ತಿ. ಯಾವ ಸಂಸ್ಥಾನದವನೋ ಯಾರಿಗೂ ಗೊತ್ತಿಲ್ಲ. ಎಸ್ಟೇಟು ಕೊಂಡಾಗ ಬಂಗಲೆಯ ಸಾಮಾನಿನ ಜೊತೆ ಬಂದವನು. ದೇವರಿಗೆ ಹೂವಿಟ್ಟಾಗಲೆಲ್ಲ ಚಿಕ್ಕಮ್ಮ ಅವನಿಗೂ ಒಂದು ಮುಡಿಸುತ್ತಿದ್ದರು.

ಪಟದ ಗಾಜು ಬಿರುಕು ಬಿಟ್ಟಿತ್ತು. ಹೊಸದು ಹಾಕಿಸಲು ಆಲ್ದೂರಿಗೆ ಹೊರಟೆವು. ಪೂಜೆಗೊಂಡ ಪಟ ಬರಿದೇ ಹೊಸಿಲು ದಾಟಬಾರದೆಂದು ಚಿಕ್ಕಮ್ಮ ಬಾಳೆಹಣ್ಣು, ಬೆಲ್ಲ ಜೊತೆಗಿಟ್ಟು ಎಲ್ಲವನ್ನೂ ಹಳೆ ಸೀರೆಯಲ್ಲಿ ಬಿಗಿದು ಗಂಟು ಹಾಕಿದರು.

"ಆನೆ ತಿರುಗೋ ದಾರಿ ಅಮ್ಮ, ಹಣ್ಣು ಬೇಡ" ಎಂದ ಜೀಪಿನ ಡ್ರೈವರ್.

"ಹಗಲೊತ್ತಲ್ಲಿ ಎಂಥ ಆನೆ ಮಾರಾಯ? ಅರಸು ಮಗನ್ನ ಉಪವಾಸ ಕರ್ಕೊಂಡು ಹೋಗಕ್ಕಾಗ್ತದಾ?"

ನಾನೂ ನಕ್ಕೆ. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಚಿಕ್ಕಮ್ಮನ ಪಕ್ಕ ಕೂತೆ.

ತಿರುವಿನಲ್ಲಿ ಕೊಂಬೆ ಮುರಿದು ಬಿದ್ದಿತ್ತು. ಜೀಪು ನಿಂತಿತು. ಕಾಫಿ ಗಿಡಗಳ ನಡುವೆ ಬಂಡೆ ಎಂದುಕೊಂಡಿದ್ದು ನಡೆದು ಬಂತು. ಜೀಪಿನ ತೆರೆದ ಬದಿಯಿಂದ ಸೊಂಡಿಲು ಒಳಗೆ ಬಂದು, ನನ್ನ ಮೊಣಕೈ ಸವರಿ, ಸೀರೆಯ ಗಂಟನ್ನು ಹಿಡಿಯಿತು. ಎಳೆಯಿತು. ನಾನು ಪಟವನ್ನು ಅಪ್ಪಿಕೊಂಡೆ. ಸೀಟಿನಿಂದ ನನ್ನ ಮೈ ಮೇಲೆದ್ದಿತು.

"ಬಿಡಿ ಅಕ್ಕಾ, ಬಿಡಿ!" ಡ್ರೈವರ್ ಕೂಗಿದ.

"ಬಿಡೇ! ಅವ್ನು ಹೋದ್ರೆ ಹೋಗ್ಲಿ!" ಎನ್ನುತ್ತಾ ಚಿಕ್ಕಮ್ಮ ಒಂದು ಕೈಯಲ್ಲಿ ನನ್ನ ಸೊಂಟ ಹಿಡಿದು, ಇನ್ನೊಂದರಿಂದ ಮಣಿಕಟ್ಟಿಗೆ ಗುದ್ದಿದರು. ಬೆರಳು ಸಡಿಲಿತು. ಗಂಟು ಹೊರಗೆ ಹಾರಿತು. ಡ್ರೈವರ್ ಜೀಪನ್ನು ಹಿಂದಕ್ಕೇ ಓಡಿಸಿದ.

ಸಂಜೆ ಅರಣ್ಯ ಇಲಾಖೆಯವರು ಪಟ ತಂದುಕೊಟ್ಟರು. ಯುವರಾಜನ ಸೊಂಟದ ಕೆಳಗೆ ಚಿತ್ರ ಹರಿದುಹೋಗಿತ್ತು. ಮುಖಕ್ಕೆ ಒಂದು ಗೀರೂ ಇಲ್ಲ.

"ನಮ್ ಜೀವ ಉಳಿಸ್ದ ಅರಸು ಮಗ" ಎಂದು ಚಿಕ್ಕಮ್ಮ ಬಂದವರಿಗೆಲ್ಲ ತೋರಿಸುತ್ತಾರೆ.

"ಉಳಿಸಿದ್ದು ನಿಮ್ಮ ಗುದ್ದು ಅಮ್ಮ. ಅವ್ನಿಗೆ ಹಣ್ಣು ಕಟ್ಟದಿದ್ರೆ ಅದು ಬರ್ತಾನೇ ಇರ್ಲಿಲ್ಲ" ಎಂದು ಡ್ರೈವರ್ ನಗಿಸುತ್ತಾನೆ.

ನನಗೆ ನಗು ಬರುವುದಿಲ್ಲ. ಅವರು ಗುದ್ದದಿದ್ದರೆ ನಾನು ಬಿಡುತ್ತಿರಲಿಲ್ಲ, ಅದು ಖಂಡಿತ. ಹೆಸರೂ ಗೊತ್ತಿಲ್ಲದ ಆ ಹುಡುಗನನ್ನು ಯಾಕೆ ಅಷ್ಟು ಗಟ್ಟಿಯಾಗಿ ಹಿಡಿದಿದ್ದೆನೋ, ಎಷ್ಟು ಸಲ ಆ ತಿರುವಿಗೆ ಮನಸ್ಸಿನಲ್ಲೇ ಹೋಗಿ ಬಂದರೂ ತಿಳಿಯುವುದಿಲ್ಲ.