ಗಂಡನ ಉಡಿ

ಮದುವೆಯಾಗಿ ಬಾಗಲಕೋಟೆಯಿಂದ ನಾಸಿಕಕ್ಕೆ ಬಂದ ಮೂರನೆಯ ವರ್ಷಕ್ಕೆ ನಮ್ಮ ಅಡುಗೆಮನೆಯಲ್ಲಿ ಒಣಕೊಬ್ಬರಿಯ ರಾಶಿಯೇ ಬಿದ್ದಿತ್ತು. ನನಗೆ ಮಕ್ಕಳಾಗಿರಲಿಲ್ಲ, ಅದಕ್ಕೆ. ಪ್ರತಿ ಶುಕ್ರವಾರ ಅತ್ತೆ ನನ್ನನ್ನು ಮಣೆಯ ಮೇಲೆ ಕೂರಿಸಿ, ಓಣಿಯ ಮುತ್ತೈದೆಯರನ್ನು ಕರೆದು ಉಡಿ ತುಂಬಿಸುತ್ತಿದ್ದರು. ಸೆರಗಿನೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ರವಿಕೆ ಹೊಲಿಸಿಕೊಳ್ಳಲು ಕುಬಸದ ಕಣ. ಮುಗಿದ ಮೇಲೆ ಎಲ್ಲರ ಕಣ್ಣೂ ನನ್ನ ಹೊಟ್ಟೆಯ ಮೇಲೆ. "ವಿಶೇಷ ಏನರ ಐತೇನವಾ?" ನಾನು ಹಲ್ಲು ಕಿರಿಯುತ್ತಿದ್ದೆ, ಒಳಗೊಳಗೇ ಕುದಿಯುತ್ತಿದ್ದೆ.

ಅಷ್ಟರಲ್ಲಿ ನನ್ನ ತಪಾಸಣೆಗಳೆಲ್ಲ ಆಗಿದ್ದವು. ಗರ್ಭನಾಳಕ್ಕೆ ಔಷಧ ಬಿಟ್ಟು ಎಕ್ಸ್‌ರೇ ತೆಗೆದ ದಿನ ನೋವಿಗೆ ನಾನು ಅಳಲಿಲ್ಲ, ಬಾಯಿಗೆ ಬಂದಂತೆ ಬೈದೆ. ಎಲ್ಲಾ ಸರಿಯಿದೆ ಎಂದರು. ಉಳಿದದ್ದು ಗಂಡನ ವೀರ್ಯಪರೀಕ್ಷೆ ಮಾತ್ರ. ಸಾತಪುರದ ಕಾರ್ಖಾನೆಯಲ್ಲಿ ಕಬ್ಬಿಣ ಕಾಯಿಸುವ ಭಟ್ಟಿಯ ಮುಂದೆ ಎದೆಯೊಡ್ಡಿ ನಿಲ್ಲುವ ಈ ಮಹಾಶಯರು ಅದರ ಮಾತೆತ್ತಿದರೆ, "ನನಗೇನಾಗೇತಿ? ಗಟ್ಟಿಮುಟ್ಟಾಗಿ ಅದೀನಿ," ಎಂದು ಬೈಕ್ ಹತ್ತಿ ಪರಾರಿ.

ನಾದಿನಿ ಛತ್ರಪತಿ ಸಂಭಾಜಿನಗರದಲ್ಲಿದ್ದಾಳೆ. ಅಲ್ಲಿಯ ಡಾಕ್ಟರಮ್ಮನೊಬ್ಬರಿಗೆ ತೋರಿಸೋಣವೆಂದು ನಾನೂ ಅತ್ತೆಯೂ ಬಸ್ ಹತ್ತಿದೆವು. ಯೇವಲಾ ಬರುವವರೆಗೆ ಅತ್ತೆ ಪೈಠಣಿ ಸೀರೆಯ ಮಾತಾಡಿದರು. ವೈಜಾಪುರ ದಾಟಿದ ಮೇಲೆ, ಸೊಸೆಗೆ ಮಕ್ಕಳಾಗಲಿಲ್ಲವೆಂದು ಮಗನಿಗೆ ಎರಡನೆಯ ಸಂಬಂಧ ನೋಡಿದ ಯಾರದೋ ಕಥೆ ತೆಗೆದರು. ಕಥೆ ಯಾರಿಗೆಂದು ತಿಳಿಯದಷ್ಟು ದಡ್ಡಿ ನಾನಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಡಾಕ್ಟರಮ್ಮ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಗರ್ಭಕೋಶವನ್ನು ಬಿಚ್ಚಿ ತೋರಿಸಿದರು. ಎರಡು ಬದಿಗೆ ಅಂಡಾಶಯ, ತಿಂಗಳಿಗೊಂದು ಅಂಡ, ಅದಕ್ಕೆ ನಾಳದಲ್ಲಿ ವೀರ್ಯಾಣು ಬಂದು ಕೂಡಿದರೆ ಮಾತ್ರ ಗರ್ಭ. ಅವರ ಮರಾಠಿಯನ್ನು ನಾದಿನಿ ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಆಮೇಲೆ ಗಂಡಸಿನ ಭಾಗದ ಮಾದರಿ ಹೊರಗೆ ಬಂತು. ನಾದಿನಿಯ ಬಾಯಿ ಕಟ್ಟಿತು, ಎಷ್ಟಾದರೂ ಅಣ್ಣನ ವಿಷಯ. ಭಾರ ನನ್ನ ಮೇಲೆ ಬಿತ್ತು. ನಾನು ಒಂದಕ್ಷರವನ್ನೂ ಬಿಡಲಿಲ್ಲ. ವೃಷಣಗಳು ಮೈಯಿಂದ ಹೊರಗಿರುವುದೇ ತಂಪು ಬೇಕೆಂದು, ಸದಾ ಬಿಸಿ ತಾಗಿದರೆ ವೀರ್ಯಾಣು ಕಡಿಮೆಯಾಗಬಹುದು ಎಂದು ವಿಸ್ತಾರವಾಗಿ ಹೇಳಿದೆ.

ಅತ್ತೆ ಆ ಮಾದರಿಯನ್ನು ಕೈಗೆತ್ತಿಕೊಂಡು, ಸಂತೆಯಲ್ಲಿ ಬದನೆಕಾಯಿಯ ಹುಳುಕು ಹುಡುಕುವವರ ಹಾಗೆ ತಿರುಗಿಸಿ ನೋಡಿದರು.

"ಅಂದ್ರ ಅರ್ಧಾ ಕೆಲಸ ಅವಂದೈತಿ. ಮತ್ತ ಪೂರಾ ಉಡಿ ಈಕಿಗೊಬ್ಬಾಕಿಗೇ ಯಾಕ ತುಂಬಿದ್ನಿ ನಾ?"

ಮುಂದಿನ ಶುಕ್ರವಾರ ಹೆಂಗಸರೆಲ್ಲ ಬಂದು ಕೂತರು. ನಾನು ಮಣೆಯ ಕಡೆ ಹೊರಟರೆ ಅತ್ತೆ ತಡೆದರು. ಆಗಷ್ಟೇ ಸ್ನಾನ ಮುಗಿಸಿ ಬಂದ ಮಗನ ರಟ್ಟೆ ಹಿಡಿದು ಕೂರಿಸಿದರು.

"ಲುಂಗಿ ಒಡ್ಡು."

"ಯವ್ವಾ, ತಲಿ ಕೆಟ್ಟೈತೇನ ನಿನಗ?"

"ಮೂರು ವರ್ಷ ಆಕಿ ಸೆರಗ ಒಡ್ಡ್ಯಾಳ. ನೀ ಒಂದಿನ ಲುಂಗಿ ಒಡ್ಡಾಕ ಆಗಂಗಿಲ್ಲ? ಇಲ್ಲಾಂದ್ರ ನಾಳೆ ಮುಂಜಾನೆ ಪರೀಕ್ಷಾ ಮಾಡಿಸ್ಕೊ."

ಪಕ್ಕದ ಮನೆಯ ಮರಾಠಿ ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಅತ್ತೆ ಮಾತ್ರ ಗಂಭೀರವಾಗಿ ಮಗನ ಲುಂಗಿಗೆ ಅಕ್ಕಿ ಸುರಿದು, ಕೊಬ್ಬರಿ ಇಟ್ಟು, ಹಸಿರು ಕುಬಸದ ಕಣವನ್ನೂ ಹಾಕಿದರು. ನಗು ತಡೆಯಲಾಗದೆ ನಾನು ಅಡುಗೆಮನೆಗೆ ಓಡಿದೆ.

ಮರುದಿನ ಗಂಡ, ಇನ್ನೊಂದು ಶುಕ್ರವಾರಕ್ಕೆ ಹೆದರಿ, ಹೋಗಿ ಪರೀಕ್ಷೆಗೆ ಕೊಟ್ಟು ಬಂದರು. ವೀರ್ಯಾಣು ಕಡಿಮೆ ಎಂದು ವರದಿ ಬಂತು. ಅಂದು ಅವರು ಊಟ ಮಾಡಲಿಲ್ಲ. ನಗುವ ಮನಸ್ಸು ನನಗೂ ಬರಲಿಲ್ಲ. ಅವರಿಗೆ ಮಾತ್ರೆ ಶುರುವಾಯಿತು, ಭಟ್ಟಿಯಿಂದ ಬೇರೆ ವಿಭಾಗಕ್ಕೆ ಹಾಕಿಸಿಕೊಂಡರು. ಹೊರಗಿನ ಯಾರಿಗೂ ನಾನು ಹೇಳಲಿಲ್ಲ, ಅತ್ತೆಯೂ ಹೇಳಲಿಲ್ಲ.

ಒಂದು ಸಂಜೆ ಊರಿನ ಕಡೆಯ ಹೆಂಗಸೊಬ್ಬರು ಬಂದರು. ಚಹಾ ಕೈಗೆತ್ತಿಕೊಳ್ಳುವ ಮೊದಲೇ ನನ್ನ ಹೊಟ್ಟೆ ನೋಡಿ, "ಏನವಾ, ಇನ್ನೂ ವಿಶೇಷ ಇಲ್ಲೇನು?" ಎಂದರು. ನಾನು ಎಂದಿನಂತೆ ಹಲ್ಲು ಕಿರಿಯಲು ಹೊರಟಿದ್ದೆ.

ಒಳಕೋಣೆಯಿಂದ ಗಂಡ ಹೊರಗೆ ಬಂದರು. ಮುಖ ಕೆಂಪಾಗಿತ್ತು.

"ಅದನ್ನ ನನಗ ಕೇಳ್ರಿ ಅಕ್ಕಾರ. ಗುಳಿಗಿ ನುಂಗಾಕತ್ತಾಂವ ನಾ."