ಹತ್ತಾಕತ್ತೀನಿ

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಿಂಧನೂರಿನ ನಮ್ಮ ಮನೆಯ ಅಟ್ಟದ ಮೇಲೆ ಏನಿದೆ ಎಂದು ಮದುವೆಯಾಗಿ ಬಂದ ಈ ಹನ್ನೆರಡು ವರ್ಷಗಳಲ್ಲಿ ನಾನು ನೋಡಿಲ್ಲ. ಅಟ್ಟಕ್ಕೆ ನಿಚ್ಚಣಿಕೆ ಇದೆ, ನನಗೆ ಎರಡು ಕಾಲೂ ಇವೆ. ಆದರೆ ಅವಕ್ಕೂ ಅದಕ್ಕೂ ಮಾತುಕತೆ ಇಲ್ಲ. ಮೂರನೆಯ ಮೆಟ್ಟಿಲು ಬರುವಷ್ಟರಲ್ಲಿ ಮೊಣಕಾಲು ನಡುಗಿ, ಬಾಯಿ ಒಣಗಿ, ನಮ್ಮ ಅತ್ತೆಗೆ ಕೇಳದ ಹಾಗೆ ಶಿವನ ಹೆಸರು ಶುರುವಾಗಿರುತ್ತದೆ.

ನಾನು ಮಸ್ಕಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ದಿನಾ ಬಸ್ಸು. ಕ್ಲಾಸಿನ ಕಿಟಕಿಯಿಂದ ಗುಡ್ಡ ಕಾಣುತ್ತದೆ, ಗುಡ್ಡದ ಮೇಲೆ ಮಲ್ಲಯ್ಯನ ಗುಡಿ. ನನ್ನದೂ ಮಲ್ಲಯ್ಯನದೂ ಕೆಳಗಿನಿಂದಲೇ ಕೈಮುಗಿಯುವ ಸಂಬಂಧ. ಅದೇ ಗುಡ್ಡದಲ್ಲಿ ಒಬ್ಬ ಚಕ್ರವರ್ತಿಯ ಶಾಸನವಿದೆ, ಅದೂ ತುತ್ತತುದಿಯಲ್ಲಲ್ಲ, ಕೆಳಮಗ್ಗುಲಿನ ಬಂಡೆಯಲ್ಲಿ. ಅಷ್ಟು ದೊಡ್ಡ ರಾಜ್ಯ ಆಳಿದವನೂ ಅರ್ಧಕ್ಕೇ ಸಾಕೆಂದನಲ್ಲ ಎಂದು ನನಗೆ ಅವನ ಮೇಲೆ ಒಂದು ಅಭಿಮಾನ. ಲಿಂಗಸುಗೂರಿನ ಶಾಲೆಯಲ್ಲಿ ಓದುವಾಗ ನಮ್ಮನ್ನು ಇಲ್ಲಿಗೆ ಪ್ರವಾಸ ಕರೆತಂದಿದ್ದರು. ಎಲ್ಲರೂ ಹತ್ತಿದರು. ನಾನು ಕೆಳಗೆ ಕೂತು ಅವರ ಚಪ್ಪಲಿ ಕಾದೆ.

ನನ್ನ ಮಗಳಿಗೆ ಒಂಬತ್ತು ವರ್ಷ. ಹೆಸರು ಗಿರಿಜಾ, ಅಂದರೆ ಪರ್ವತರಾಜನ ಮಗಳು. ಹೋದ ವರ್ಷ ಅವಳ ಶಾಲೆಯವರೂ ಅದೇ ಗುಡ್ಡಕ್ಕೆ ಕರೆದೊಯ್ದರು. ಸಂಜೆ ಬಂದವಳನ್ನು ಮೇಲೆ ಏನೇನು ನೋಡಿದೆ ಎಂದು ಕೇಳಿದೆ.

"ನಾ ಹೋಗಲಿಲ್ಲವ್ವ. ಕೆಳಗ ಎಲ್ಲಾರ ಚಪ್ಪಲಿ ಕಾಯ್ಕೋತ ಕುಂತಿದ್ದೆ. ಅಂಜಿಕಿ ಬಂತು. ನಾ ನಿನ್ನಂಗ ಅಲ್ಲೇನು?"

ಇದನ್ನು ಅವಳು ಅಳುತ್ತ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಹೆಮ್ಮೆಯಿಂದ ಹೇಳಿದಳು, ನಿನ್ನದೇ ಮೂಗು ನನಗೂ ಬಂದಿದೆ ಎನ್ನುವ ಹಾಗೆ. ಮಗಳಿಗೆ ಕೊಡಬೇಕೆಂದು ನಾನು ತೆಗೆದಿಟ್ಟ ವಸ್ತುಗಳಲ್ಲಿ ಎರಡು ಬಳೆ, ಒಂದು ಇಳಕಲ್ ಸೀರೆ ಇವೆ. ಅಂಜಿಕೆ ಆ ಗಂಟಿನಲ್ಲಿ ಇರಲಿಲ್ಲ.

ಆ ವಾರವೇ ಫೋನಿನಲ್ಲಿ ಯಾವುದೋ ದೇಶದ ಮಕ್ಕಳು ಮನೆಯೊಳಗೇ ಗೋಡೆ ಹತ್ತಿ ಆಡುವುದನ್ನು ನೋಡಿದೆ. ಹಲಗೆಯ ಗೋಡೆ, ಅದರ ತುಂಬ ಹಿಡಿಯಲು, ಕಾಲಿಡಲು ಬಣ್ಣಬಣ್ಣದ ಗುಬುಟು. ನಮ್ಮ ಪಡಸಾಲೆಗೂ ಒಂದು ಇರಲಿ ಎಂದು ಲಿಂಗಸುಗೂರಿನಿಂದ ಬಡಿಗ ಮೌನೇಶಪ್ಪನನ್ನು ಕರೆಸಿದೆ. ಮೌನವೆಲ್ಲ ಅವನ ಹೆಸರಿನಲ್ಲೇ ಖರ್ಚಾಗಿತ್ತು.

"ಗೋಡಿ ಹತ್ತಿದ್ರ ಮ್ಯಾಲ ಏನೈತ್ರಿ ಅಕ್ಕೋರ?"

"ಏನೂ ಇಲ್ಲಪ್ಪ. ಹುಡುಗಿ ಹತ್ತಬೇಕು, ಇಳೀಬೇಕು. ಅಷ್ಟ."

ಅವನು ಕಿವಿಯ ಮೇಲಿನ ಪೆನ್ಸಿಲು ತೆಗೆದು ತಲೆ ಕೆರೆದುಕೊಂಡ. "ನಮ್ಮ ಕಡಿ ಗೋಡಿ ಹತ್ತೋರು ಇಬ್ಬರರೀ. ಒಂದು ಹಲ್ಲಿ, ಒಂದು ಕಳ್ಳ. ನೀವು ಹುಡುಗಿನ್ನ ಯಾವುದಕ್ಕ ತಯಾರ ಮಾಡಾಕತ್ತೀರಿ?"

ಉತ್ತರ ಹೊಳೆಯದಾಗ ಕನ್ನಡ ಟೀಚರುಗಳು ವ್ಯಾಕರಣ ಯೋಚಿಸುತ್ತಾರೆ. ಅವನ ಆ 'ಮಾಡಾಕತ್ತೀರಿ' ನನ್ನ ತಲೆಯಲ್ಲಿ ಕೂತಿತು. ಪುಸ್ತಕದವರು 'ಮಾಡುತ್ತಿದ್ದೇನೆ' ಎನ್ನುವಲ್ಲಿ ನಾವು 'ಮಾಡಾಕ ಹತ್ತೀನಿ' ಎನ್ನುತ್ತೇವೆ, ಅವಸರದಲ್ಲಿ ಅದು 'ಮಾಡಾಕತ್ತೀನಿ' ಆಗುತ್ತದೆ. ಹತ್ತದೆ ನಮ್ಮ ಕಡೆ ಒಂದು ಕೆಲಸವೂ ಸಾಗದು ನೋಡಿ. ಉಣ್ಣಾಕ ಹತ್ತುತ್ತೇವೆ, ಮಲಗಾಕ ಹತ್ತುತ್ತೇವೆ. ಒಲೆಗೆ ಬೆಂಕಿ ಹತ್ತುತ್ತದೆ, ಅನ್ನ ತಳ ಹತ್ತುತ್ತದೆ, ಊಟದ ನಂತರದ ಪಿರಿಯಡ್ಡಿನಲ್ಲಿ ನನ್ನ ಪಾಠಕ್ಕೆ ಮಕ್ಕಳ ಕಣ್ಣು ಹತ್ತುತ್ತವೆ. ಇಲ್ಲಿ ಹತ್ತು ಎಂದರೆ ತೊಡಗು, ಅಂಟು ಎಂದೆಲ್ಲ ಪಂಡಿತರು ಅರ್ಥ ಹೇಳಿಯಾರು. ಹೇಳಲಿ ಬಿಡಿ. ನನಗೆ ಕಂಡದ್ದು ಇಷ್ಟೇ: ಬೆಳಗಿನಿಂದ ಸಂಜೆಯವರೆಗೆ ಬಾಯಲ್ಲಿ ಹತ್ತುತ್ತಲೇ ಇರುವ ನಾನು ಕಾಲಿನಿಂದ ಒಂದನ್ನೂ ಹತ್ತಿಲ್ಲ.

ಮೌನೇಶಪ್ಪ ಗಿರಿಜಾಳನ್ನು ಹಲಗೆಗೆ ಒರಗಿಸಿ ನಿಲ್ಲಿಸಿ, ಕೈ ಎಲ್ಲಿಗೆ ಮುಟ್ಟುತ್ತದೆ, ಮೊಣಕಾಲು ಎಲ್ಲಿಗೆ ಏಳುತ್ತದೆ ಎಂದು ಗುರುತು ಹಾಕಿಕೊಂಡ. ಜಾಲಿ ಕಟ್ಟಿಗೆಯ ಗೂಟ ಕೆತ್ತಿದ. "ಮಜಬೂತ ಅದಾವ್ರಿ, ಎತ್ತು ಕಟ್ಟಿದ್ರೂ ಅಲುಗಂಗಿಲ್ಲ" ಎಂದ. ನಿಜವೇ. ಆದರೆ ಜನ್ಮವಿಡೀ ಗೂಟ ಹೊಡೆದ ಕೈ ಅದು. ಒಂದೊಂದು ಗೂಟವೂ ತುಸು ಮೇಲಕ್ಕೆ ಮುಖ ಮಾಡಿತ್ತು, ತುದಿಯಲ್ಲಿ ದುಂಡಗಿನ ತಲೆ. ಯಾಕೆಂದು ಕೇಳಿದರೆ "ಜಾರಬಾರದಲ್ರೀ" ಎಂದ. ನಮ್ಮ ಮನೆಯವರು ಹಳೆಯ ಗಾದಿಗಳನ್ನು ಬಿಚ್ಚಿಸಿ, ಹತ್ತಿ ಹಿಂಜಿಸಿ, ಕೆಳಗೆ ಹಾಸಲು ದಪ್ಪ ಗಾದಿ ಹೊಲಿಸಿ ತಂದರು. ಹತ್ತುವವರಿಗೆ ಹತ್ತಿ ಎಂದು ನಾನೊಂದು ಚಮತ್ಕಾರ ಮಾಡಿದೆ. ಯಾರೂ ನಗಲಿಲ್ಲ.

ಗಿರಿಜಾ ಮೊದಲ ದಿನ ಒಂದು ಗೂಟಕ್ಕೆ ಕಾಲಿಟ್ಟು ತೆಗೆದಳು. ಎರಡನೆಯ ದಿನ ಹೊಟ್ಟೆನೋವು. ಮೂರನೆಯ ದಿನ ಮಳೆ ಬಂತು, ನಾನು ಬಸ್ಸಿಳಿದು ಬಂದವಳು ಒದ್ದೆ ಕೊಡೆಯನ್ನು ಒಂದು ಗೂಟಕ್ಕೆ ತೂಗುಹಾಕಿದೆ. ಹೌದು, ಆ ಪಾಪ ಶುರುಮಾಡಿದವಳು ನಾನೇ. ಮೇಲಕ್ಕೆ ಮುಖ ಮಾಡಿದ ಗೂಟ ನೋಡಿದರೆ ಕೈ ಸುಮ್ಮನಿರುವುದಿಲ್ಲ. ಮರುದಿನ ಕೊಡೆಯ ಪಕ್ಕ ನಮ್ಮವರ ಹೆಲ್ಮೆಟ್ಟು, ಅದರ ಪಕ್ಕ ಅಂಗಿ, ಅತ್ತೆಯ ವಿಭೂತಿ ಚೀಲ, ಬೆಳ್ಳುಳ್ಳಿ ಗೊಂಚಲು. ಹದಿನೈದು ದಿನದಲ್ಲಿ ಗೋಡೆಯೇ ಕಾಣದಾಯಿತು. ಬಂದ ಬೀಗರು "ಭಾಳ ಛಲೋ ಮಾಡ್ಸೀರಿ, ಅರಿವಿ ಹಾಕಾಕ" ಎಂದು ಹೊಗಳಿದರು. ನಾನು ಹೂಂ ಅಂದೆ. ಎಲ್ಲರಿಗಿಂತ ಖುಷಿಯಾದವಳು ಗಿರಿಜಾ. ಎಲ್ಲಕ್ಕಿಂತ ಕೆಳಗಿನ ಗೂಟಕ್ಕೆ ಶಾಲೆಯ ಚೀಲ ಹಾಕಿ ನಿಶ್ಚಿಂತೆಯಿಂದ ಇದ್ದಳು.

ಹೀಗೇ ವರ್ಷ ತಿರುಗಿತು. ಒಂದು ಭಾನುವಾರ ಅವಳು, ಶಾಲೆಯವರು ಈ ಸಲವೂ ಮಸ್ಕಿ ಗುಡ್ಡಕ್ಕೆ ಒಯ್ಯುತ್ತಾರೆಂದು ಹೇಳಿ, "ಅವ್ವಾ, ಒಂದು ದೊಡ್ಡ ಚೀಲ ಕೊಡು. ಎಲ್ಲಾರ ಚಪ್ಪಲಿ ಅದರಾಗ ಹಾಕಿ ಇಟ್ಟರ ಕಾಯಾಕ ಸಸಾರ ಆಗ್ತತಿ" ಎಂದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಗೋಡೆಯ ಮೇಲಿನದನ್ನೆಲ್ಲ ಕಿತ್ತು ಮಂಚದ ಮೇಲೆ ಒಗೆದೆ, ಸೆರಗು ಸೊಂಟಕ್ಕೆ ಸಿಗಿಸಿದೆ. "ನೋಡಿಲ್ಲಿ! ಇದರಾಗ ಅಂಜೋದೇನೈತಿ?" ಎಂದು ಹತ್ತಿಯೇಬಿಟ್ಟೆ. ಒಂದು ಗೂಟ, ಎರಡು, ಮೂರು, ನಾಲ್ಕು. ಆಮೇಲೆ ಕೆಳಗೆ ನೋಡಿದೆ.

ನೆಲದಿಂದ ನನ್ನ ಕಾಲಿಗೆ ಎರಡು ಕೊಡ ಒಂದರ ಮೇಲೊಂದು ಇಟ್ಟಷ್ಟು ಎತ್ತರವಿರಬಹುದು. ನನಗೆ ಮಾತ್ರ ನೆಲವೇ ಕಾಣಲಿಲ್ಲ. ಕೈ ಗೂಟ ಬಿಡದು, ಕಾಲು ಕೆಳಗಿನ ಗೂಟ ಹುಡುಕದು. ಗದ್ದಲ ಕೇಳಿ ಅಡುಗೆಮನೆಯಿಂದ ಅತ್ತೆ ಬಂದರು. ದಢೇಸುಗೂರಿನ ಹುಣಸೆಗಿಡಗಳನ್ನೆಲ್ಲ ಸಣ್ಣವರಿದ್ದಾಗ ಹತ್ತಿ ಮುಗಿಸಿದವರು ಅವರು.

"ಎಲಾ ಇಕಿನ! ಸೊಸಿ ಗೋಡಿಗೆ ಹತ್ತಿಬಿಟ್ಟಾಳಲ್ಲ! ಇಳಿ ಬೇ."

"ಇಳಿಯಾಕ ಬರವಲ್ದುರೀ ಅತ್ತಿ."

"ಕೈ ಬಿಡು, ಕೆಳಗ ಗಾದಿ ಐತಿ."

ಕೈ ಬಿಡುವುದು ಸಾಧ್ಯವಿದ್ದರೆ ನಾನು ಯಾಕೆ ಹೀಗಿರುತ್ತಿದ್ದೆ. ಕಣ್ಣು ಮುಚ್ಚಿ ಹಲಗೆಗೆ ಕೆನ್ನೆ ಒತ್ತಿ ನಿಂತೆ. ನಾಚಿಕೆಯಿಂದ ಅಳು ಬಂತು. ಅಷ್ಟರಲ್ಲಿ ಕಿವಿಯ ಹತ್ತಿರ ಬಿಸಿ ಉಸಿರು.

"ಅವ್ವಾ, ಕೆಳಗ ನೋಡಬ್ಯಾಡ. ನನ್ನ ಮಾರಿ ನೋಡು. ಈಗ ಎಡಗಾಲು ಬಿಡು. ಹಾಂ, ಇನ್ನಷ್ಟು. ಸಿಕ್ತು."

ಅವಳ ಮುಖ ನೋಡುತ್ತ ಎಡಗಾಲು, ಬಲಗಾಲು ಎಂದು ಇಳಿದೆ. ಒಂಬತ್ತು ವರ್ಷದವಳ ಮುಖ ನನ್ನ ಮುಖದ ಸಮಕ್ಕೆ ಬರಬೇಕಾದರೆ ಅವಳು ನನಗಿಂತ ಎರಡು ಗೂಟ ಮೇಲಿರಬೇಕು. ಆ ಲೆಕ್ಕ ನನಗೆ ಹೊಳೆದದ್ದು ಗಾದಿಯ ಮೇಲೆ ಕೂತ ಮೇಲೆ. ಅಂಜಿಕೆ ಬರಲಿಲ್ಲವೇ ಎಂದು ಕೇಳಿದೆ.

"ಬಂದಿತ್ತು. ಆದರ ನಿನಗ ಭಾಳ ಬಂದಿತ್ತಲ್ಲ, ನಂದು ಹೇಳಾಕ ಟೈಮ ಸಿಗಲಿಲ್ಲ."

ಮೊನ್ನೆ ಪ್ರವಾಸವಾಯಿತು. ಸಂಜೆ ಗಿರಿಜಾ ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಬಂದಳು. ಈ ಸಲ ಕೆಳಗೆ ಕಾಯುವವರು ಯಾರೂ ಇರಲಿಲ್ಲವಂತೆ, ಇನ್ನೊಂದನ್ನು ನಾಯಿ ಕಚ್ಚಿಕೊಂಡು ಹೋಯಿತಂತೆ. ನಾನು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ, ನಾನು ಚಪ್ಪಲಿಗಾಗಿ ಅಳುತ್ತಿದ್ದೇನೆ ಎಂದು ಅವಳು ಅಂದುಕೊಂಡಳು. ಆಮೇಲೆ ಆ ಒಂಟಿ ಚಪ್ಪಲಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಸರಸರ ಗೋಡೆ ಹತ್ತಿ, ಎಲ್ಲಕ್ಕಿಂತ ಮೇಲಿನ ಗೂಟಕ್ಕೆ ತೂಗುಹಾಕಿ ಆಡಲು ಓಡಿಹೋದಳು.

ಅತ್ತೆ ಹಾಲಿನ ಬಟ್ಟಲು ಹಿಡಿದು ಬಂದು ತಲೆಯೆತ್ತಿ ನೋಡಿದರು. "ಥೂ! ದೇವರ ಮನಿ ಎದುರಿಗೆ ಚಪ್ಪಲಿ! ಜಲ್ದಿ ತೆಗಿ ಬೇ. ಏನ್ ಮಾಡಾಕತ್ತಿ ಅಲ್ಲಿ ನಿಂತು?"

ನಾನು ಸೆರಗು ಸಿಗಿಸಿಕೊಂಡು ಎರಡನೆಯ ಗೂಟದ ಮೇಲೆ ನಿಂತಿದ್ದೆ. ಮೊಣಕಾಲು ನಡುಗುತ್ತಿದ್ದವು.

"ಹತ್ತಾಕತ್ತೀನ್ರಿ ಅತ್ತಿ" ಎಂದೆ.