ಮೀಟರ್ ಇಡದ ಭಾನುವಾರ

ನಮ್ಮ ಓನರ್ ಅವರ ಬಲಗೈ ತೋರುಬೆರಳಿನ ತುದಿ ಹುಣಸೆಬೀಜದಷ್ಟು ಗಟ್ಟಿಯಾಗಿ, ಹೆಚ್ಚುಕಡಿಮೆ ಅದೇ ಬಣ್ಣಕ್ಕೆ ತಿರುಗಿತ್ತು. ವರ್ಷಗಟ್ಟಲೆ ಸಾಲ್ಡರಿಂಗ್ ಐರನ್ ಹಿಡಿದು ಸುಟ್ಟುಕೊಂಡ ಬೆರಳು. ಇಟ್ಟಮಡುವಿನ ಅವರ ಮನೆಯ ಕೆಳಗಿನ ಪೋರ್ಷನ್ ಕೇಳಲು ಹೋದ ದಿನ ಆ ಬೆರಳನ್ನೇ ಎತ್ತಿ ಷರತ್ತು ಹಾಕಿದರು: "ಮಟನ್ ಮಾಡ್ಕೊಳ್ಳಿ, ಫ್ರೆಂಡ್ಸ್ ಬರ್ಲಿ, ನನಗೇನೂ ತೊಂದ್ರೆ ಇಲ್ಲ. ಸ್ಪೀಕರ್ ಮಾತ್ರ ಹಾಕಂಗಿಲ್ಲ."

"ಹಂಗಾದ್ರ ಹಾಡು ಹೆಂಗ ಕೇಳೋದ್ರಿ ಸರ?" ಎಂದೆ. ನಾನು ಗದಗಿನಿಂದ ಬಂದು ಜಯನಗರದ ಇನ್ಶೂರೆನ್ಸ್ ಆಫೀಸಿಗೆ ಸೇರಿ ತಿಂಗಳೂ ಆಗಿರಲಿಲ್ಲ. ಅವರು ಒಳಗೆ ಹೋಗಿ ಒಂದು ಹೆಡ್‌ಫೋನನ್ನೂ ಟಿಫನ್ ಡಬ್ಬಿಯಷ್ಟು ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆಯನ್ನೂ ತಂದು ನನ್ನ ಕೈಗಿಟ್ಟರು. ಅದು ಅವರೇ ಕೂತು ಕಟ್ಟಿದ ಹೆಡ್‌ಫೋನ್ ಆಂಪ್ಲಿಫೈಯರ್, ಫೋನಿನ ಸದ್ದಿಗೆ ಬಲ ಕೊಟ್ಟು ಹೆಡ್‌ಫೋನಿಗೆ ಕಳಿಸುವ ಆಂಪ್. ಅವತ್ತಿನವರೆಗೆ ಅಂಥದ್ದೊಂದು ವಸ್ತು ಲೋಕದಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕೇಳಿದೆ. ಫೋನಿನಲ್ಲಿ ಸಾವಿರ ಸಲ ಕೇಳಿದ ಹಾಡಿನಲ್ಲಿ ಹಾಡುವವಳು ಉಸಿರೆಳೆದುಕೊಳ್ಳುವುದು ಕೇಳಿಸಿತು. ಅಲ್ಲಿಗೆ ನಾನು ಕೆಟ್ಟೆ.

ಅವರು ಒಂದು ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ವರ್ಷಕ್ಕೆ ನಾಲ್ಕೋ ಐದೋ ಆಂಪ್ ಕಟ್ಟಿ, ಬಲ್ಲವರಿಗೆ ಕೊಡುತ್ತಿದ್ದರು. ಭಾನುವಾರ ಇಡ್ಲಿ ತಿಂದ ಮೇಲೆ ಮಹಡಿಯ ಕೋಣೆಯಲ್ಲಿ ನಾಲ್ಕಾರು ಜನರ ಕೂಟ. ಯಾರೋ ತಂದ ಲಕ್ಷ ರೂಪಾಯಿಯ ಆಂಪ್, ಇನ್ನಾರದೋ ಹಳೇ ರೇಡಿಯೋದಂತೆ ಗಾಜಿನ ವಾಲ್ವ್ ಇರುವ ಟ್ಯೂಬ್ ಆಂಪ್, ಪಕ್ಕದಲ್ಲಿ ಅವರದು. ಮೂರರ ಮೇಲೂ ಪಂಚೆ ಹೊದಿಸಿ, ಯಾವುದು ಯಾವುದೆಂದು ಗೊತ್ತಾಗದಂತೆ ಕೇಳಿಸುತ್ತಿದ್ದರು. ಎಲ್ಲರೂ ಚೀಟಿಯಲ್ಲಿ ಬರೆಯುವವರೆಗೆ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಗಣೇಶನ ಪೆಂಡಾಲಿನಲ್ಲಿ ನಮ್ಮ ಬೀದಿಯ ಹೆಂಗಸೊಬ್ಬರು ಹಾಡಿದ್ದನ್ನು ಅವರೇ ರೆಕಾರ್ಡ್ ಮಾಡಿಕೊಂಡಿದ್ದರು, ಕೇಳಿಸುತ್ತಿದ್ದುದು ಅದೊಂದನ್ನೇ. ಬೇರೆ ಯಾವುದಾದರೂ ಹಾಕಿ ಎಂದರೆ, "ಬೇರೆ ಹಾಡು ಹಾಡಿದಾಗ ನಾನು ಎದುರಿಗಿದ್ನಾ? ಇದು ಹೆಂಗಿತ್ತು ಅಂತ ನನಗೆ ಗೊತ್ತು" ಎನ್ನುತ್ತಿದ್ದರು.

ಟ್ಯೂಬ್ ಆಂಪಿನಲ್ಲಿ ಆ ಹೆಂಗಸಿನ ದನಿ ತುಪ್ಪ ಸವರಿದಂತೆ ನುಣ್ಣಗೆ ಬರುತ್ತಿತ್ತು, ಆದರೆ ಪಕ್ಕದ ತಬಲಾ ಮೈ ಊದಿಸಿಕೊಳ್ಳುತ್ತಿತ್ತು. ಲಕ್ಷದ ಆಂಪಿನಲ್ಲಿ ತಾಳದ ಅಂಚು ಚೂಪಾಗಿ, ಹತ್ತು ನಿಮಿಷಕ್ಕೆ ಕಿವಿ ದಣಿಯುತ್ತಿತ್ತು. ಅವರದರಲ್ಲಿ ಎರಡೂ ಇಲ್ಲ. ಹೆಂಗಸು, ತಬಲಾ, ಹಿಂದೆ ಕುರ್ಚಿ ಎಳೆದ ಸದ್ದು, ಎಲ್ಲ ಇದ್ದಲ್ಲಿ ಇದ್ದ ಹಾಗೆ. ಇಂಟರ್ನೆಟ್ಟಿನ ವಿಮರ್ಶೆಗಳಲ್ಲಿ ಕೆನೆಯಂಥ ಸದ್ದು, ಜೇನಿನಂಥ ಸದ್ದು ಎಂದು ಬರೆದದ್ದನ್ನು ಓದಿ ಹೇಳಿದರೆ ನಗುತ್ತಿದ್ದರು. "ಇವ್ರೆಲ್ಲ ನಾಲಗೇಲಿ ಕೇಳ್ತಾರೆ ಕಣಯ್ಯ."

ಕೇಳಿಸುವುದಕ್ಕೆ ಮುಂಚೆ ಅವರದೊಂದು ಕಟ್ಟುನಿಟ್ಟಿನ ಕ್ರಮವಿತ್ತು. ಒಂದೇ ಸಮನೆ ಕೂಗುವ ಟೋನ್ ಹಾಕಿ, ಹೆಡ್‌ಫೋನ್ ಸಿಕ್ಕಿಸುವ ಕಡೆ ವಿದ್ಯುತ್ ಅಳೆಯುವ ಮಲ್ಟಿಮೀಟರ್ ಇಟ್ಟು, ಎಲ್ಲ ಆಂಪಿನಲ್ಲೂ ಒಂದೇ ಅಂಕಿ ಬರುವವರೆಗೆ ವಾಲ್ಯೂಮ್ ತಿರುಗಿಸುತ್ತಿದ್ದರು. ಅರ್ಧ ಗಂಟೆ ಹಿಡಿದರೂ ಬಿಡುತ್ತಿರಲಿಲ್ಲ. ಕಾರಣ ಸರಳ. ಒಂದು ಆಂಪಿನ ಸದ್ದು ಸ್ವಲ್ಪವೇ ತಗ್ಗಿದ್ದರೆ ಅದು ತಗ್ಗು ಎಂದು ಕಿವಿಗೆ ತಿಳಿಯುವುದಿಲ್ಲ; ಸಪ್ಪೆ ಎಂದು ತಿಳಿಯುತ್ತದೆ. "ಮೊದ್ಲು ಸಮ ಮಾಡು, ಆಮೇಲೆ ಮಾತಾಡು" ಎಂಬುದು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಮೂರು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಈ ಕೆಲಸ ನನಗೆ ಕಲಿಸಿದರು. ಕೊನೆಗೆ ಮೀಟರನ್ನು ನನ್ನ ಕೈಗೇ ಕೊಟ್ಟು, ತಾವು ಉಳಿದವರ ಜೊತೆ ಚೀಟಿ ಹಿಡಿದು ಕೂರತೊಡಗಿದರು.

ಅವರಿಂದ ಕಲಿತದ್ದನ್ನೇ ಬಂಡವಾಳ ಮಾಡಿಕೊಂಡು ನಾನು ಇಂಟರ್ನೆಟ್ಟಿನಲ್ಲಿ ಆಂಪ್‌ಗಳ ವಿಮರ್ಶೆ ಬರೆಯಲು ಹೊರಟೆ. ಓದುವವರು ಸಿಕ್ಕರು, ಸ್ವಲ್ಪ ಹೆಸರೂ ಬಂತು, ಹೆಸರಿನ ಜೊತೆ ಬರುವ ಕೊಬ್ಬೂ ಬಂತು. ಜಯನಗರದಲ್ಲಿ ಹೊರದೇಶದ ಆಂಪ್ ತರಿಸಿ ಮಾರುವ ಅಂಗಡಿಯೊಂದರವರು ಒಂದು ಭಾನುವಾರ ನಾಲ್ಕು ಆಂಪ್‌ಗಳ ಹೋಲಿಕೆ ಇಟ್ಟುಕೊಂಡು ನನ್ನನ್ನು ಕರೆದರು. ಒಂದು ಜಾಗ ನಮ್ಮ ಓನರ್ ಅವರ ಪೆಟ್ಟಿಗೆಗೆ ಕೊಡಿ ಎಂದು ನಾನೇ ಹಟ ಹಿಡಿದೆ. ಅಷ್ಟು ಜನರ ಎದುರು ತಮ್ಮ ಕೆಲಸ ಒಮ್ಮೆ ಸರಿಸಮಕ್ಕೆ ನಿಲ್ಲಬೇಕೆಂಬ ಆಸೆ ಅವರಿಗಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆ ಇಡೀ ವಾರ ಪೆಟ್ಟಿಗೆಯ ಮುಚ್ಚಳ ಬಿಚ್ಚುವುದು, ಹಾಕುವುದು ನಡೆದೇ ಇತ್ತು. ಅವತ್ತು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದರು.

ಅಂಗಡಿ ತುಂಬ ಜನ. ಮೀಟರ್ ಚೀಲದಲ್ಲೇ ಇತ್ತು. ಅಂಗಡಿಯವನು ಗಡಿಯಾರ ನೋಡಿಕೊಂಡು, "ಸಾರ್, ಜನ ಎದ್ದು ಹೋಗ್ತಾರೆ. ನಿಮ್ಮಂಥೋರಿಗೆ ಮೀಟರ್ ಯಾಕೆ? ಕಿವೀಲೇ ಸೆಟ್ ಮಾಡ್ಬಿಡಿ" ಎಂದ. ಹೊಗಳಿಕೆಗೆ ಕರಗಿದೆ, ಅಷ್ಟೆ. ಜನರಿಗೆ ಕಾಣದಂತೆ ಕಟ್ಟಿದ್ದ ಪರದೆಯ ಹಿಂದೆ, ಕಿವಿಯ ಅಂದಾಜಿನಲ್ಲೇ ನಾಲ್ಕನ್ನೂ ಹೊಂದಿಸಿ, ವಾಲ್ಯೂಮ್ ತಿರುಗಣಿಗಳ ಮೇಲೆ ಟೇಪಿನ ಗುರುತು ಅಂಟಿಸಿ, ಬಟ್ಟೆ ಹೊದಿಸಿದೆ.

ಚೀಟಿಗಳು ಬಂದವು. ಓನರ್ ಅವರ ಆಂಪಿನ ಸಂಖ್ಯೆಯ ಮುಂದೆ ಸಾಲಾಗಿ ಸಪ್ಪೆ, ಜೀವ ಇಲ್ಲ, ಮಂಕು ಎಂದು ಬರೆದಿತ್ತು. ಹಾಗೆ ಬರೆದವರಲ್ಲಿ ಅವರೂ ಒಬ್ಬರು. ತಮ್ಮ ಕೈಯಾರೆ ಕಟ್ಟಿದ್ದನ್ನು ಗುರುತಿಸಲಾಗದೆ ಅದಕ್ಕೇ ಸಪ್ಪೆ ಎಂದು ಬರೆದಿದ್ದರು. ಬಟ್ಟೆ ತೆಗೆದಾಗ ಅವರ ಮುಖ ಬಿಳಿಚಿಕೊಂಡಿತು. ಎದ್ದು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಮೀಟರ್ ಇಟ್ಟಿದ್ದೆ ತಾನೆ?"

"ಇಟ್ಟೀನ್ರಿ ಸರ" ಎಂದೆ.

ಸುತ್ತ ಜನರಿದ್ದರು. ಇಲ್ಲ ಎಂದಿದ್ದರೆ ನನ್ನ ಮರ್ಯಾದೆ ಹೋಗುತ್ತಿತ್ತು. ಇಷ್ಟೇ ನನ್ನ ಸಮರ್ಥನೆ, ಇದಕ್ಕಿಂತ ಒಳ್ಳೆಯದು ನನ್ನ ಹತ್ತಿರ ಇಲ್ಲ. ಅವರು ತಲೆಯಾಡಿಸಿ, "ನೀನು ಇಟ್ಟಿದ್ರೆ ಸರಿ ಬಿಡು" ಎಂದರು.

ವಿಮರ್ಶೆ ಬರೆಯುವುದಕ್ಕೆಂದು ಅವರ ಪೆಟ್ಟಿಗೆಯನ್ನೂ ಗೆದ್ದ ಆಂಪನ್ನೂ ಮನೆಗೆ ತಂದುಕೊಂಡಿದ್ದೆ. ಟೇಪಿನ ಗುರುತಿಗೆ ಸರಿಯಾಗಿ ತಿರುಗಿಸಿ ಮರುದಿನ ಅಳೆದೆ. ಅವರದು ತಗ್ಗಿತ್ತು, ಕಣ್ಣು ತಪ್ಪಿಸಲಾಗದಷ್ಟು ತಗ್ಗಿತ್ತು. ಸಮ ಮಾಡಿ ಕೇಳಿದರೆ ಯಾವ ಸಪ್ಪೆಯೂ ಇಲ್ಲ. ತಬಲಾದ ಏಟು ಅವರದರಲ್ಲೇ ಹೆಚ್ಚು ಸ್ವಚ್ಛ. ಆಮೇಲೂ ನಾನು ವಿಮರ್ಶೆಯನ್ನು ಚೀಟಿಯಲ್ಲಿ ಇದ್ದಂತೆಯೇ ಬರೆದೆ. "ಸ್ಥಳೀಯ ಪ್ರಯತ್ನ ಮೆಚ್ಚುವಂಥದ್ದು, ಆದರೆ" ಎಂದು ಒಂದು ವಾಕ್ಯವನ್ನೂ ದಾನ ಮಾಡಿದೆ. ನಾಚಿಕೆಗೆಟ್ಟ ವಾಕ್ಯ.

ಆಂಪ್ ಸೋತಿದ್ದಕ್ಕೆ ಅವರು ಅಷ್ಟಾಗಿ ಕೊರಗಲಿಲ್ಲ. ತಮ್ಮ ಪೆಟ್ಟಿಗೆಯನ್ನು ತಾವೇ ಗುರುತಿಸಲಿಲ್ಲವಲ್ಲ, ಅದು ಅವರನ್ನು ತಿಂದುಹಾಕಿತು. ಕಿವಿ ಡಾಕ್ಟರ ಹತ್ತಿರ ಹೋದರು. ವಯಸ್ಸಿಗೆ ತಕ್ಕಷ್ಟು ಕೇಳಿಸುತ್ತಿದೆ ಎಂದರಂತೆ ಡಾಕ್ಟರು. ಇವರು ಅದನ್ನು ಕಿವಿ ಹೋಗಿದೆ ಎಂದೇ ಅರ್ಥ ಮಾಡಿಕೊಂಡರು. ಭಾನುವಾರದ ಕೂಟ ನಿಂತಿತು. ಅವರು ಆಂಪ್ ಕಟ್ಟುತ್ತಿದ್ದ ಬೆಂಚಿನ ಮೇಲೆ ಅವರ ಹೆಂಡತಿ, ನಾನು ಆಂಟಿ ಎನ್ನುತ್ತಿದ್ದವರು, ಈರುಳ್ಳಿ ಹರವತೊಡಗಿದರು. ಅರ್ಧ ಕಟ್ಟಿದ್ದ ಎರಡು ಆಂಪ್‌ಗಳನ್ನು ಓನರ್ ಅವರೇ ಬಿಚ್ಚಿ ಬಿಡಿಭಾಗಗಳನ್ನು ಯಾರಿಗೋ ಕೊಟ್ಟುಬಿಟ್ಟರು.

ಹೀಗೇ ಕಳೆದ ಒಂದೂವರೆ ವರ್ಷದಲ್ಲಿ, ನಿಜ ಹೇಳಿಬಿಡಬೇಕೆಂದು ಎರಡು ಸಲ ಮೆಟ್ಟಿಲು ಹತ್ತಿದ್ದೆ. ಎರಡನೆಯ ಸಲ ಅವರು ಟಿವಿಯ ಮುಂದೆ ಕೂತು, ನನ್ನನ್ನು ಕಂಡು ಹಿಗ್ಗಿ, "ಬಾರಯ್ಯ, ಸೌಂಡ್ ಸರಿಯಾಗಿದ್ಯಾ ನೋಡು. ನನ್ನ ಕಿವಿ ನಾನು ನಂಬಲ್ಲ ಈಗ, ನಿಂದು ನಂಬ್ತೀನಿ. ಅಳತೆ ಮಾಡ್ದೆ ಮಾತಾಡೋನಲ್ಲ ನೀನು" ಎಂದರು. ಆಂಟಿ ಕೊಟ್ಟ ಕಾಫಿ ಕುಡಿದು ಇಳಿದು ಬಂದೆ. ಅದಾಗಿ ಇಪ್ಪತ್ತು ದಿನಕ್ಕೆ ಬೆಳಿಗ್ಗೆ ಸ್ನಾನಕ್ಕೆ ಹೋದವರು ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವೈಕುಂಠ ಸಮಾರಾಧನೆ ಮುಗಿದ ಮರುವಾರ ಆಂಟಿಯ ಎದುರು ಕೂತು ಎಲ್ಲ ಹೇಳಿದೆ. ಅಂಗಡಿ, ಮೀಟರ್, ಸುಳ್ಳು, ವಿಮರ್ಶೆ, ಯಾವುದನ್ನೂ ಬಿಡಲಿಲ್ಲ. ಅವರು ಅಳಲಿಲ್ಲ. ಬಿಡಿಸುತ್ತಿದ್ದ ಅವರೆಕಾಯಿ ಪಕ್ಕಕ್ಕಿಟ್ಟರು.

"ಹಂಗಾದ್ರೆ ಅವ್ರ ಕಿವಿ ಸರಿಯಾಗಿತ್ತು?"

"ಹೌದ್ರಿ ಆಂಟಿ."

"ಒಂದೂವರೆ ವರ್ಷ ಅವ್ರು ನನ್ನ ಹತ್ರ ಹಾಡು ಹಾಕ್ಬೇಡ ಅಂದ್ರು. ಕೇಳಿದ್ರೆ ಹೊಟ್ಟೆ ಉರಿಯುತ್ತೆ ಅಂದ್ರು. ನೀನು ಕೆಳಗಡೆ ಕೂತು ಕೇಳ್ತಾ ಇದ್ದೆ." ಸೆರಗಿಗೆ ಅಂಟಿದ್ದ ಅವರೆ ಸಿಪ್ಪೆ ಕೊಡವಿದರು. "ಇದನ್ನ ನನಗ್ಯಾಕಪ್ಪ ಹೇಳೋಕೆ ಬಂದೆ? ನಿನ್ನ ಭಾರ ಇಳಿಸ್ಕೊಳ್ಳೋಕಾ? ಬರೋ ತಿಂಗಳು ಮನೆ ಖಾಲಿ ಮಾಡು. ದಿನಾ ನಿನ್ನ ಮುಖ ನೋಡೋಕೆ ನನ್ನ ಕೈಲಾಗಲ್ಲ."

ಹದಿನೈದು ದಿನದಲ್ಲಿ ಗೊಟ್ಟಿಗೆರೆಯಲ್ಲಿ ಮನೆ ಹಿಡಿದೆ. ಸಾಮಾನು ಟೆಂಪೋಗೆ ಹೇರುವಾಗ ಅವರು ಮೇಲಿನಿಂದ ಇಳಿದು ಬರಲಿಲ್ಲ, ಬರುತ್ತಾರೆಂದು ನಾನೂ ಕಾಯಲಿಲ್ಲ.